ಮೇಜಿನ ಮೇಲಿನ ಹನ್ನೊಂದು ಬೊಂಬೆಗಳು

ಪ್ರಶ್ನೆ: ಮೇಜಿನ ಮೇಲೆ ಕಂಬಿಗೆ ಪೋಣಿಸಿದ ಬೊಂಬೆಗಳಿಂದ ಆಡುವ ಫೂಸ್‌ಬಾಲ್‌ನಲ್ಲಿ ಪಳಗಿದವರು ಕಂಬಿಯನ್ನು ಗಿರಗಿರ ತಿರುಗಿಸುವುದಿಲ್ಲ ಏಕೆ? ದಾಳಿ, ರಕ್ಷಣೆ ಎರಡರಲ್ಲೂ ಅವರ ಗುಟ್ಟೇನು?

ಉತ್ತರ: ತಿರುಗಿಸಿದರೆ ಅದು ತಪ್ಪಾಟ. ಕಂಬಿ ಒಂದೇಟಿಗೆ 360 ಡಿಗ್ರಿ ಮೀರಿ ಸುತ್ತುವಂತಿಲ್ಲ. ‘ಸ್ನೇಕ್’ ಹೊಡೆತ ನೋಡಲು ಹಾಗೇ ಕಂಡರೂ ಅದು ಪೂರ್ತಿ ಸುತ್ತಿಗಿಂತ ಕೊಂಚ ಕಡಿಮೆ: ಬೊಂಬೆಯ ಪಾದದಡಿ ಚೆಂಡನ್ನು ಅದುಮಿಟ್ಟು, ಪಕ್ಕಕ್ಕೆ ಸರಿಸಿ, ಹಿಡಿಕೆಯನ್ನು ಮಣಿಕಟ್ಟಿನಿಂದ ಉರುಳಿಸಿ ಹೊಡೆಯುತ್ತಾರೆ.

ಆದರೆ ಪಂದ್ಯ ನಿರ್ಧಾರವಾಗುವುದು ಹೆಚ್ಚಾಗಿ ಐದು ಬೊಂಬೆಗಳ ನಡುಕಂಬಿಯಲ್ಲಿ. ಅಂತರರಾಷ್ಟ್ರೀಯ ನಿಯಮದಂತೆ ಅಲ್ಲಿ ಚೆಂಡಿಟ್ಟುಕೊಳ್ಳಲು ಸಿಗುವುದು 10 ಸೆಕೆಂಡು, ಉಳಿದ ಕಡೆ 15. ಆ 10 ಸೆಕೆಂಡಿನೊಳಗೆ ಎದುರಾಳಿಯ ಐವರ ಸಂದಿಯಿಂದ ತನ್ನ ಮುಂಚೂಣಿಯ ಮೂವರಿಗೆ ಚೆಂಡು ದಾಟಬೇಕು. ಗೋಡೆಯಂಚಿನ ಪಾಸನ್ನೂ ಒಳಸಂದಿಯ ಪಾಸನ್ನೂ ಒಂದೇ ಬಗೆಯ ಕೈಚಲನೆಯಿಂದ ಶುರುಮಾಡಬಲ್ಲವರನ್ನು ಊಹಿಸುವುದು ಬಲು ಕಷ್ಟ. ಅಭ್ಯಾಸದ ಬಹುಪಾಲು ಇದಕ್ಕೇ ಮೀಸಲಾಗಬೇಕು.

ಗೋಲು ಗಳಿಸಲು ಹತ್ತಾರು ಬಗೆಯ ಹೊಡೆತ ಬೇಡ; ಒಂದು ಪಳಗಿದರೆ ಸಾಕು. ಅಮೆರಿಕದ ಆಟಗಾರ ಟಾಡ್ ಲೊಫ್ರೇಡೊ ಹೆಸರಾದದ್ದು ಪುಲ್ ಶಾಟ್‌ಗೆ, ಅಂದರೆ ಚೆಂಡನ್ನು ಪಕ್ಕಕ್ಕೆಳೆದು ಹೊಡೆಯುವ ಹೊಡೆತಕ್ಕೆ.

ರಕ್ಷಣೆಯಲ್ಲಿ ಹೊಸಬರು ಚೆಂಡಿನ ಬೆನ್ನು ಹತ್ತಿ ಮೋಸಹೋಗುತ್ತಾರೆ. ಗೋಲಿಯನ್ನೂ ಮುಂದಿನ ಎರಡು ಬೊಂಬೆಗಳಲ್ಲಿ ಒಂದನ್ನೂ ಅಕ್ಕಪಕ್ಕ ನಿಲ್ಲಿಸಿ, ನಡುವೆ ಚೆಂಡು ತೂರದಷ್ಟೇ ಸಂದಿ ಬಿಡಬೇಕು. ಜೋಡಿಯನ್ನು ಗೊತ್ತುಗುರಿಯಿಲ್ಲದ ಲಯದಲ್ಲಿ ಸರಿಸುತ್ತಿರಬೇಕು. ಒಮ್ಮೊಮ್ಮೆ ಬೇಕೆಂದೇ ಒಂದು ಮೂಲೆ ತೆರೆದು ತೋರಿಸಿ, ಹೊಡೆತ ಬರುವ ಕ್ಷಣಕ್ಕೆ ಮುಚ್ಚುವುದೂ ಉಂಟು.