ಈಜುಗೊಳದ ಫಿಲ್ಟರು: ತೊಳೆದ ಮೇಲಿನ ಎಚ್ಚರಿಕೆ

ಪಾತ್ರೆಯನ್ನು ಬೆಳಗಿ ಬೋರಲಿಟ್ಟರೆ ಆ ಕೆಲಸ ಮುಗಿದಂತೆಯೇ ಸರಿ. ಈಜುಗೊಳದ ಫಿಲ್ಟರಿನ ವಿಷಯ ಹಾಗಲ್ಲ. ಅದನ್ನು ತೊಳೆದಾದ ಮೇಲೆಯೇ ಹೆಚ್ಚಿನ ಎಚ್ಚರಿಕೆ ಬೇಕು. ನಗರಗಳ ವಸತಿ ಸಮುಚ್ಚಯಗಳಲ್ಲಿ ಹತ್ತಾರು ಮನೆಗಳ ಮಕ್ಕಳು ಒಂದೇ ಕೊಳದಲ್ಲಿ ಈಜುವ ಈ ಕಾಲದಲ್ಲಿ ಗೃಹಸ್ಥರು ಇದನ್ನು ತಿಳಿದಿರುವುದು ಒಳ್ಳೆಯದು.

ಹೆಚ್ಚಾಗಿ ಬಳಕೆಯಲ್ಲಿರುವುದು ಮರಳಿನ ಫಿಲ್ಟರು. ಸುಮಾರು ಅರ್ಧ ಮಿಲಿಮೀಟರಿನ ಮರಳಿನ ಮೂಲಕ ನೀರು ಕೆಳಗಿಳಿಯುವಾಗ ಕೊಳೆಯು ಅಲ್ಲಿಯೇ ನಿಲ್ಲುತ್ತದೆ. ಕೊಳೆ ತುಂಬಿದಂತೆಲ್ಲ ಒತ್ತಡಮಾಪಕದ ಮುಳ್ಳು ಏರುತ್ತದೆ. ಆಗ ನೀರನ್ನು ಕೆಳಗಿನಿಂದ ಮೇಲಕ್ಕೆ ಹಿಮ್ಮುಖವಾಗಿ ಹರಿಯಿಸಿ ಕೊಳೆಯನ್ನು ಹೊರಕ್ಕೆ ಬಿಡುವರು. ಇದೇ ಫಿಲ್ಟರನ್ನು ತೊಳೆಯುವ ಕ್ರಮ.

ಅನೇಕರು ಇಷ್ಟಕ್ಕೇ ತೃಪ್ತರಾಗಿ ನೀರನ್ನು ಕೂಡಲೇ ಕೊಳಕ್ಕೆ ತಿರುಗಿಸುವರು. ಆದರೆ ಆಗ ಮರಳು ಸಡಿಲವಾಗಿರುತ್ತದೆ. ಕದಡಿದ ಕೊಳೆಯೂ ಅಷ್ಟಿಷ್ಟು ಒಳಗೆ ಉಳಿದಿರುತ್ತದೆ. ಆದಕಾರಣ ಮೊದಲು ಪಂಪನ್ನು ನಿಲ್ಲಿಸಿ, ವಾಲ್ವಿನ ಹಿಡಿಯನ್ನು ‘ರಿನ್ಸ್’ ಎಂಬ ಗುರುತಿಗೆ ತಿರುಗಿಸಿ, ಮತ್ತೆ ಪಂಪನ್ನು ನಡೆಸಿ, ಅರ್ಧದಿಂದ ಒಂದು ನಿಮಿಷದವರೆಗೆ ನೀರನ್ನು ಹೊರಕ್ಕೇ ಬಿಡಬೇಕು. ಪಂಪು ನಡೆಯುತ್ತಿರುವಾಗ ಹಿಡಿಯನ್ನು ತಿರುಗಿಸಿದರೆ ವಾಲ್ವಿನೊಳಗಿನ ರಬ್ಬರು ಕೆಡುವುದು.

ಬಳಿಕ ಪಂಪನ್ನು ಪುನಃ ನಿಲ್ಲಿಸಿ ವಾಲ್ವನ್ನು ಸೋಸುವ ಸ್ಥಾನಕ್ಕೆ ತಂದು, ಪಂಪು ನಡೆಯತೊಡಗಿದ ಮೇಲೆ ಮಾಪಕವು ತೋರಿಸುವ ಒತ್ತಡವನ್ನು ಬರೆದಿಡಬೇಕು. ಅದಕ್ಕಿಂತ ಚದರ ಅಂಗುಲಕ್ಕೆ 8ರಿಂದ 10 ಪೌಂಡು ಏರಿದಾಗ ಮತ್ತೆ ತೊಳೆದರೆ ಸಾಕು. ದಿನದಿನವೂ ತೊಳೆಯುವುದು ಶುಚಿತ್ವವಲ್ಲ. ಮರಳಿನಲ್ಲಿ ನಿಂತ ಅಲ್ಪ ಕೊಳೆಯೇ ಇನ್ನೂ ಸೂಕ್ಷ್ಮವಾದ ಕಣಗಳನ್ನು ಹಿಡಿಯಲು ನೆರವಾಗುತ್ತದೆ.

ತೊಳೆಯುವಾಗ ಕಳೆದ ನೀರಿಗೆ ಬದಲಾಗಿ ಹೊಸ ನೀರನ್ನು ತುಂಬುವೆವಷ್ಟೆ. ಅದು ಕೊಳದಲ್ಲಿ ಬೆರೆತ ಮೇಲೆ ಕ್ಲೋರಿನ್ನನ್ನು ಪರೀಕ್ಷಿಸಬೇಕು. ಲೀಟರಿಗೆ 1ರಿಂದ 3 ಮಿಲಿಗ್ರಾಂ ಇದ್ದರೆ ಸಾಮಾನ್ಯವಾಗಿ ಸಾಕು.

ಇಷ್ಟೆಲ್ಲ ಶ್ರಮವು ನೀರಿನ ಅಂದಕ್ಕಾಗಿ ಮಾತ್ರವೆಂದು ಭಾವಿಸಬಾರದು. ಕದಡಿದ ನೀರಿನ ತಳದಲ್ಲಿ ಮುಳುಗಿದ ಮಗುವು ದಡದಲ್ಲಿರುವವರ ಕಣ್ಣಿಗೆ ಬೀಳದು. ಕೊಳದ ತಳದ ಜಾಲರಿಯು ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ, ಕಾಣುವವರೆಗೆ ಯಾರನ್ನೂ ನೀರಿಗಿಳಿಸಬಾರದು. ಫಿಲ್ಟರಿನ ಬಳಿ ಕಳೆಯುವ ಒಂದು ನಿಮಿಷದ ತಾಳ್ಮೆಯು ಒಂದು ಜೀವವನ್ನು ಕಾಯಬಲ್ಲುದು.