ದೇವನಾರದ ಹೊಗೆ ಮತ್ತು ನಾಲ್ವರು ಮಕ್ಕಳು

ಸಮಾಜ ವಿಜ್ಞಾನದ ತರಗತಿಯಲ್ಲಿ ಗುಂಪಾಗಿ ವಿಷಯ ಮಂಡಿಸಬೇಕೆಂದು ನನ್ನ ಮಗಳೂ ಅವಳ ಮೂವರು ಸಹಪಾಠಿಗಳೂ ಚೆಂಬೂರಿನ ನಮ್ಮ ಮನೆಯಲ್ಲಿ ಮೂರು ಭಾನುವಾರ ಕಲೆತರು. ಆರಿಸಿಕೊಂಡ ವಿಷಯ ದೇವನಾರದ ಕಸದ ಮೈದಾನ. 1927ರಿಂದ ಮುಂಬಯಿಯ ಕಸ ಹೊತ್ತ ಆ ನೆಲದಲ್ಲಿ 2016ರ ಜನವರಿಯಲ್ಲಿ ಬೆಂಕಿ ಹಬ್ಬಿ, ಸುತ್ತಲಿನ ಪಾಲಿಕೆಯ ಶಾಲೆಗಳನ್ನು ಮುಚ್ಚಬೇಕಾಗಿ ಬಂದುದನ್ನು ಚೆಂಬೂರಿಗರು ಮರೆತಿರಲಾರರು.

ಒಬ್ಬಳು ಬರೆಯುವವಳು, ಒಬ್ಬ ನಕ್ಷೆಯವನು, ಒಬ್ಬಳು ಮಾತಿನವಳು. ನಾಲ್ಕನೆಯವನಿಗೆ ಚಿತ್ರ ಅಂಟಿಸುವ ಕೆಲಸ. ಮೈದಾನದ ವಿಸ್ತೀರ್ಣ ಬರಹದಲ್ಲಿ 132 ಹೆಕ್ಟೇರು, ನಕ್ಷೆಯಲ್ಲಿ 132 ಎಕರೆ! ವೌಚರು ನೋಡದೆ ಲೆಡ್ಜರು ತುಂಬಿದಂತಾಯಿತು. (ಕಸುಬಿನ ಚಾಳಿ, ಓದುಗರು ಮನ್ನಿಸಬೇಕು.) ಪ್ರತಿಯೊಂದು ಅಂಕಿಯ ಮುಂದೆಯೂ ಅದು ದೊರೆತ ಮೂಲವನ್ನು ಬರೆಯಿರಿ, ಬರೆದವರಲ್ಲದೆ ಇನ್ನೊಬ್ಬರು ತಾಳೆ ನೋಡಲಿ ಎಂದೆ.

ಬೆಂಕಿ ಏಕೆ ಬೇಗ ಆರದು? ಹೂತ ಹಸಿಕಸ ಗಾಳಿಯಿಲ್ಲದೆ ಕೊಳೆತು ಮೀಥೇನ್ ಅನಿಲವಾಗುತ್ತದೆಂದು ಮಕ್ಕಳು ಓದಿದರು. ಆಗ ಅಂಟಿನ ಬಾಟಲಿ ಹಿಡಿದು ಕುಳಿತಿದ್ದ ಹುಡುಗ ಮೆಲ್ಲನೆ, “ಅಂಕಲ್, ಮೇಲೆ ನೀರು ಹೊಯ್ದರೂ ಒಳಗೆ ಉರಿಯುತ್ತಲೇ ಇರುತ್ತದೆ. ರಾತ್ರಿ ತಂಗಿಗೆ ಉಬ್ಬಸ ಬರುತ್ತದೆ” ಎಂದನು. ಅವನ ಮನೆ ಆ ಮೈದಾನದ ಗೋಡೆಯ ಪಕ್ಕದಲ್ಲಿಯೇ ಇತ್ತು!

ಇದನ್ನು ತರಗತಿಯಲ್ಲಿ ಹೇಳುವೆಯಾ ಎಂದು ನನ್ನ ಮಗಳು ಕೇಳಿದಳು. ಅವನು ತಲೆ ತಗ್ಗಿಸಿದನು. ಯಾರೂ ಒತ್ತಾಯಿಸಲಿಲ್ಲ. ಆ ಭಾಗವನ್ನು ನಾಲ್ವರೂ ಕಲಿತರು.

ಮಂಡನೆಯ ದಿನ ಅಧ್ಯಾಪಿಕೆ ಕೇಳಿದ ಮೊದಲ ಪ್ರಶ್ನೆಗೆ ಎದ್ದು ನಿಂತವನು ಅವನೇ ಎಂದು ಮಗಳು ಸಂಜೆ ಬಂದು ಹೇಳಿದಳು. ತಂಗಿಯ ಮಾತನ್ನು ಮಾತ್ರ ಅವನು ಆಡಲಿಲ್ಲವಂತೆ.