ಗೆಳೆತನವಿರುವ ಸಂಖ್ಯೆಗಳು

"ಉಮ್ಮಾ, ಗಣಿತ ನನ್ನ ತಲೆಗೆ ಹತ್ತುವುದಿಲ್ಲ" ಎಂದು ಮಗಳು ಪುಸ್ತಕ ಮುಚ್ಚಿಟ್ಟರೆ, "ನನಗೂ ಹತ್ತುತ್ತಿರಲಿಲ್ಲ ಬಿಡು" ಎಂದು ಸಮಾಧಾನ ಹೇಳುವ ತಾಯಂದಿರೇ ಹೆಚ್ಚು. ಇನ್ನು ಮುಂದೆ ಹಾಗೆನ್ನುವ ಬದಲು ಮಗಳಿಗೆ ಒಂದು ಪೆನ್ಸಿಲ್ ಕೊಟ್ಟು 220ನ್ನು ಬರೆಯಲು ಹೇಳಿ.

220ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 1, 2, 4, 5, 10, 11, 20, 22, 44, 55 ಮತ್ತು 110. ಇವನ್ನೆಲ್ಲ ಕೂಡಿಸಿದರೆ 284. ಈಗ 284ನ್ನು ಭಾಗಿಸುವ 1, 2, 4, 71, 142ನ್ನು ಕೂಡಿಸಿ. ಉತ್ತರ 220! ಒಂದರೊಳಗೆ ಇನ್ನೊಂದು ಅಡಗಿದೆ. ಆದುದರಿಂದಲೇ ಇವುಗಳಿಗೆ ಸ್ನೇಹ ಸಂಖ್ಯೆಗಳೆಂದು ಹೆಸರು.

ಪ್ರಾಚೀನ ಗ್ರೀಕರಿಗೆ ಈ ಒಂದು ಜೋಡಿ ಮಾತ್ರ ಗೊತ್ತಿತ್ತು. ಇಂತಹ ಜೋಡಿಗಳನ್ನು ಹುಡುಕುವ ಸೂತ್ರ ಕೊಟ್ಟವರು 9ನೇ ಶತಮಾನದ ಬಗ್ದಾದಿನಲ್ಲಿದ್ದ ಸಾಬಿತ್ ಇಬ್ನ್ ಕುರ್ರಾ. ಇಂದಿನ ತುರ್ಕಿಯಲ್ಲಿರುವ ಹರ್ರಾನ್ ಅವರ ಹುಟ್ಟೂರು. ಅವರು ಮುಸ್ಲಿಮರಲ್ಲ, ಸಾಬಿಯನ್ ಸಮುದಾಯದವರು. ಆದರೂ ಬಗ್ದಾದ್ ಅವರ ವಿದ್ವತ್ತಿಗೆ ಬಾಗಿಲು ತೆರೆದಿತ್ತು. ಅವರು ಅರಬಿಯಲ್ಲೇ ಬರೆದರು.

ಅವರ ಸೂತ್ರ ಸರಳ. 2, 4, 8, 16 ಎಂದು ಇಮ್ಮಡಿಯಾಗುತ್ತಾ ಹೋಗುವ ಸಾಲಿನಿಂದ ಅಕ್ಕಪಕ್ಕದ ಎರಡನ್ನು ಆರಿಸಿ. 2 ಮತ್ತು 4 ಎಂದಿಟ್ಟುಕೊಳ್ಳಿ. ಪ್ರತಿಯೊಂದನ್ನೂ 3ರಿಂದ ಗುಣಿಸಿ 1 ಕಳೆದರೆ 5 ಮತ್ತು 11. ಎರಡನ್ನೂ ಪರಸ್ಪರ ಗುಣಿಸಿ, 9ರಿಂದ ಗುಣಿಸಿ, 1 ಕಳೆದರೆ 71. ಈ ಮೂರೂ ಅವಿಭಾಜ್ಯ ಸಂಖ್ಯೆಗಳಾಗಿದ್ದರೆ ಜೋಡಿ ಸಿದ್ಧ: 4×5×11=220, 4×71=284.

8 ಮತ್ತು 16ರಿಂದ 17,296 ಹಾಗೂ 18,416 ಸಿಗುತ್ತವೆ. ಇವು ಮರಾಕೆಶ್‌ನ ಇಬ್ನುಲ್ ಬನ್ನಾ ಮತ್ತು ಇರಾನಿನ ಕಮಾಲುದ್ದೀನ್ ಫಾರಿಸಿಗೆ 14ನೇ ಶತಮಾನದ ಆರಂಭದಲ್ಲೇ ಗೊತ್ತಿದ್ದವು. 64 ಮತ್ತು 128ರಿಂದ ಸಿಗುವ ಜೋಡಿ ಇನ್ನೂ ದೊಡ್ಡದು: 93,63,584 ಮತ್ತು 94,37,056. ಇದನ್ನು ಕಂಡವರು 17ನೇ ಶತಮಾನದ ಇರಾನಿನ ಮುಹಮ್ಮದ್ ಬಾಕಿರ್ ಯಝ್ದಿ. 73,727 ಅವಿಭಾಜ್ಯವೆಂದು ಖಚಿತಪಡಿಸಲು 2ರಿಂದ 271ರ ವರೆಗಿನ 58 ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಬೇಕು. ಕ್ಯಾಲ್ಕುಲೇಟರ್ ಇಲ್ಲದ ಕಾಲ!

ಆದರೆ ಈ ಎರಡು ಜೋಡಿಗಳು ಯುರೋಪಿನ ಪುಸ್ತಕಗಳಲ್ಲಿ ಬಹುಕಾಲ ಫರ್ಮಾ (1636) ಮತ್ತು ಡೆಕಾರ್ಟ್ (1638) ಹೆಸರಿನಲ್ಲೇ ಉಳಿದವು. ಅವರು ಕದ್ದರೆಂದಲ್ಲ, ತಾವೇ ಕಂಡುಕೊಂಡರು. ಆದರೆ ನಮ್ಮ ಮಕ್ಕಳು ಮೊದಲು ಕಂಡವರ ಹೆಸರನ್ನೂ ತಿಳಿದಿರಬೇಡವೇ?

ಇನ್ನೊಂದು ಮಾತು. 1184 ಮತ್ತು 1210 ಕೂಡಾ ಸ್ನೇಹ ಸಂಖ್ಯೆಗಳೇ. ಸಾಬಿತ್‌ರ ಸೂತ್ರಕ್ಕೆ ಈ ಜೋಡಿ ಸಿಗುವುದಿಲ್ಲ. 18ನೇ ಶತಮಾನದಲ್ಲಿ ಹತ್ತಾರು ಜೋಡಿಗಳನ್ನು ಪಟ್ಟಿ ಮಾಡಿದ ಆಯ್ಲರ್‌ನಂತಹ ಮೇಧಾವಿಯ ಕಣ್ಣಿಗೂ ಇದು ಬೀಳಲಿಲ್ಲ. 1866ರಲ್ಲಿ ಇದನ್ನು ಕಂಡವನು ಪಗನಿನಿ ಎಂಬ 16 ವರ್ಷದ ಇಟಲಿಯ ಹುಡುಗ.

ಸ್ನೇಹ ಸಂಖ್ಯೆಗಳಿಗೆ ಕೊನೆಯಿದೆಯೇ ಎಂಬುದು ಇಂದಿಗೂ ಯಾರಿಗೂ ತಿಳಿಯದು. ಉತ್ತರ ಎಲ್ಲಿಂದ ಬರುತ್ತದೋ ಹೇಳಲಾಗದು. ನಿಮ್ಮ ಮಗಳು ಮುಚ್ಚಿಟ್ಟ ಆ ಪುಸ್ತಕವನ್ನು ಇಂದು ಸಂಜೆ ಅವಳೊಂದಿಗೆ ಕುಳಿತು ಮತ್ತೆ ತೆರೆಯಿರಿ.